ರೂಬೆ ನಗರದ ಪಾಲಿಕೆ ಭವನ: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ಕೆಲಸಕ್ಕೆ ಅಥವಾ ಸುಮ್ನೆ ಸುತ್ತಾಡಲು ಉತ್ತರ ಫ್ರಾನ್ಸ್‌ನ ಲೀಲ್‌ಗೆ ಬರುವ ಕನ್ನಡಿಗರು ಸಾಮಾನ್ಯವಾಗಿ ಪಕ್ಕದ ರೂಬೆಯನ್ನು ಬಿಟ್ಟುಬಿಡುತ್ತಾರೆ. ಅಲ್ಲಿಗೆ ಹೋದರೂ ಈಜುಕೊಳದ ಮ್ಯೂಸಿಯಂ ನೋಡಿಕೊಂಡು ವಾಪಸ್ ಬರುತ್ತಾರೆ. ಆದರೆ ಈ ಊರಿನ ಕತೆ ಅರ್ಥವಾಗಬೇಕಾದರೆ ನಡುಚೌಕದಲ್ಲಿರುವ ಪಾಲಿಕೆ ಭವನದ ಮುಂದೆ ಹತ್ತು ನಿಮಿಷ ನಿಲ್ಲಬೇಕು. ಅದರ ಬಗ್ಗೆ ಜನ ಜಾಸ್ತಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ರೂಬೆ ಎಲ್ಲಿದೆ? ಹೋಗುವುದು ಹೇಗೆ?

ಬೆಲ್ಜಿಯಂ ಗಡಿಗೆ ಅಂಟಿಕೊಂಡಂತೆ ಇರುವ ಊರು. ಪ್ಯಾರಿಸ್‌ನಿಂದ ಲೀಲ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ. ಲೀಲ್‌ನಿಂದ ಮೆಟ್ರೋ ಎರಡನೇ ಲೈನ್ ಹತ್ತಿ 'ರೂಬೆ ಗ್ರಾಂಡ್ ಪ್ಲಾಸ್' ನಿಲ್ದಾಣದಲ್ಲಿ ಇಳಿಯಿರಿ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಚೌಕ, ಚೌಕದ ಒಂದು ಬದಿಗೆ ಪಾಲಿಕೆ ಭವನ, ಎದುರಿಗೆ ಸೇಂಟ್ ಮಾರ್ಟಿನ್ ಚರ್ಚ್. ಮೆಟ್ರೋಗೆ ಡ್ರೈವರ್ ಇರುವುದಿಲ್ಲ. ಮುಂದಿನ ಸೀಟು ಸಿಕ್ಕರೆ ಮಕ್ಕಳಿಗೆ ಅದೇ ಒಂದು ಹಬ್ಬ.

ನೋಡಲು ಅರಮನೆ ತರಹ ಇದೆ. ಮೊದಲು ಯಾವುದಾದರೂ ರಾಜನ ಮನೆಯಾಗಿತ್ತಾ?

ಇಲ್ಲ. ಪಾಲಿಕೆ ಕಚೇರಿ ಅಂತಲೇ ಕಟ್ಟಿದ್ದು. 1911ರಲ್ಲಿ ಉದ್ಘಾಟನೆಯಾಯಿತು. ಇವತ್ತಿಗೂ ಅದೇ ಕೆಲಸಕ್ಕೆ ಬಳಸುತ್ತಾರೆ.

ಒಂದು ಗಿರಣಿ ಊರಿಗೆ ಇಷ್ಟು ದೊಡ್ಡ ಕಟ್ಟಡ ಯಾಕೆ ಬೇಕಿತ್ತು?

ಬೇಕಿತ್ತು ಅನ್ನುವುದಕ್ಕಿಂತ ತೋರಿಸಬೇಕಿತ್ತು ಅನ್ನುವುದು ಸರಿ.

ಇಲ್ಲಿ ಬಟ್ಟೆ ನೇಯುವುದು ಹಳೆಯ ಕಸುಬು. 1469ರಲ್ಲಿ ಬರ್ಗಂಡಿಯ ದೊರೆ ಚಾರ್ಲ್ಸ್, ಉಣ್ಣೆ ಬಟ್ಟೆ ತಯಾರಿಸಲು ರೂಬೆಯ ಒಡೆಯನಿಗೆ ಅಧಿಕೃತ ಪರವಾನಗಿ ಕೊಟ್ಟಿದ್ದ. ಆದರೂ 1800ರ ಆಸುಪಾಸಿನಲ್ಲಿ ಇದು ಸುಮಾರು 8 ಸಾವಿರ ಜನರ ಊರು, ಅಷ್ಟೇ. ಆಮೇಲೆ ಉಗಿಯಂತ್ರ ಬಂತು, ಗಿರಣಿಗಳು ಎದ್ದವು. ಶತಮಾನದ ಕೊನೆಗೆ ಜನಸಂಖ್ಯೆ 1 ಲಕ್ಷ 24 ಸಾವಿರಕ್ಕೆ ಮುಟ್ಟಿತು. 'ಸಾವಿರ ಚಿಮಣಿಗಳ ಊರು' ಅಂತ ಹೆಸರೂ ಬಿತ್ತು. ಹೊಟ್ಟೆಪಾಡಿಗೆ ಬಂದವರಲ್ಲಿ ಗಡಿಯಾಚೆಯ ಬೆಲ್ಜಿಯನ್ನರೇ ಹೆಚ್ಚು. ಒಂದು ಹಂತದಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಬೆಲ್ಜಿಯಂ ಕಡೆಯವರೇ ಇದ್ದರು.

ಅವರಿಗೆಲ್ಲ ಮನೆ ಎಲ್ಲಿಂದ ಬರಬೇಕು? ಬೀದಿಬದಿಯ ಮನೆಗಳ ಹಿಂದಿನ ಖಾಲಿ ಜಾಗದಲ್ಲಿ ಪುಟ್ಟ ಪುಟ್ಟ ಇಟ್ಟಿಗೆ ಮನೆಗಳನ್ನು ಸಾಲಾಗಿ ಕಟ್ಟಿ ಬಾಡಿಗೆಗೆ ಕೊಟ್ಟರು. ನಮ್ಮ ಹಳೆಯ ವಠಾರಗಳನ್ನು ನೆನಪಿಸಿಕೊಳ್ಳಿ: ಬೀದಿಯಿಂದ ಒಳಕ್ಕೆ ಒಂದು ಇಕ್ಕಟ್ಟು ಓಣಿ, ನಡುವೆ ಕಿರಿದಾದ ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ, ಹಂಚಿಕೊಂಡು ಬಳಸುವ ಕಕ್ಕಸು. ಇದನ್ನು ಅಲ್ಲಿ 'ಕುರೇ' ಅನ್ನುತ್ತಾರೆ. ಕೆಲವು ಇವತ್ತಿಗೂ ಉಳಿದಿವೆ, ಜನರೂ ಇದ್ದಾರೆ.

ದುಡ್ಡು ಬಂತು. ಆದರೆ ಪಕ್ಕದ ಲೀಲ್‌ಗೆ ಇದ್ದ ಹಳೆಯ ಊರಿನ ಗತ್ತು ರೂಬೆಗೆ ಇರಲಿಲ್ಲ. 1911ರಲ್ಲಿ ಉತ್ತರ ಫ್ರಾನ್ಸ್‌ನ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ರೂಬೆಯಲ್ಲಿ ನಡೆಯಿತು. ದೇಶವಿದೇಶದ ಅತಿಥಿಗಳು ಬರುವ ಹೊತ್ತಿಗೆ ಹೊಸ ಪಾಲಿಕೆ ಭವನ ಸಿದ್ಧವಾಗಿತ್ತು. ಮನೆಗೆ ನೆಂಟರು ಬರುವ ಮುಂಚೆ ಸುಣ್ಣಬಣ್ಣ ಆಗುತ್ತಲ್ವಾ, ಇಲ್ಲಿ ಮನೆಯನ್ನೇ ಹೊಸದಾಗಿ ಕಟ್ಟಿದರು.

ಕಟ್ಟಿಸಿದ್ದು ಯಾರು?

ಯುಜೆನ್ ಮೊತ್ ಎಂಬ ಮೇಯರ್. ಗಿರಣಿ ಮಾಲೀಕರ ದೊಡ್ಡ ಮನೆತನದವರು. 1902ರಿಂದ 1912ರವರೆಗೆ ಮೇಯರ್ ಆಗಿದ್ದರು.

ಆದರೆ ಅವರಿಗಿಂತ ಮುಂಚೆ ನಡೆದದ್ದು ಗೊತ್ತಿಲ್ಲದಿದ್ದರೆ ಕಟ್ಟಡದ ಅರ್ಧ ಅರ್ಥ ತಪ್ಪಿಹೋಗುತ್ತದೆ. 1892ರಲ್ಲಿ ರೂಬೆಯ ಕಾರ್ಮಿಕರು ಸಮಾಜವಾದಿಗಳನ್ನು ಗೆಲ್ಲಿಸಿ ಪಾಲಿಕೆಯನ್ನೇ ಹಿಡಿದರು. ಮೇಯರ್ ಆದದ್ದು ಆನ್ರಿ ಕಾರೆತ್. ಮೂಲತಃ ನೇಕಾರ, ಆಮೇಲೆ ಒಂದು ಸಣ್ಣ ಹೆಂಡದಂಗಡಿ ನಡೆಸುತ್ತಿದ್ದವರು. ಫ್ರಾನ್ಸ್‌ನ ದೊಡ್ಡ ಊರೊಂದರಲ್ಲಿ ಇಂಥವರು ಮೇಯರ್ ಕುರ್ಚಿಯಲ್ಲಿ ಕೂತದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಕಾರೆತ್ ಮತ್ತು ಸಂಗಡಿಗರು ಶಾಲೆಗಳಲ್ಲಿ ಮಕ್ಕಳಿಗೆ ಊಟದ ವ್ಯವಸ್ಥೆ ಮಾಡಿದರು. ಬಡವರಿಗಾಗಿ ಪಾಲಿಕೆಯಿಂದಲೇ ಔಷಧಿ ಅಂಗಡಿ ತೆರೆಯಲು ಹೊರಟರು. ಸರ್ಕಾರ ಅದಕ್ಕೆ ಅಡ್ಡಗಾಲು ಹಾಕಿತು. ಮರುವರ್ಷ, 1893ರಲ್ಲಿ, ಇಲ್ಲಿಂದಲೇ ಜೂಲ್ ಗೆದ್ ಎಂಬ ಹೆಸರಾಂತ ಮಾರ್ಕ್ಸ್‌ವಾದಿ ನಾಯಕ ಸಂಸತ್ತಿಗೆ ಆರಿಸಿ ಹೋದರು.

ಮಾಲೀಕರು ಸುಮ್ಮನೆ ಕೂರಲಿಲ್ಲ. 1898ರಲ್ಲಿ ಗೆದ್ ಅವರನ್ನು ಸೋಲಿಸಿದ್ದೇ ಯುಜೆನ್ ಮೊತ್. 1902ರಲ್ಲಿ ಮತ್ತೆ ಸೋಲಿಸಿದರು, ಪಾಲಿಕೆಯೂ ಕೈಗೆ ಬಂತು. ಹೀಗೆ ಕಾರ್ಮಿಕರಿಂದ ಕಿತ್ತುಕೊಂಡ ಪಾಲಿಕೆಗೆ ಮಾಲೀಕರು ಕಟ್ಟಿಸಿದ ಮನೆ ಇದು. ನನ್ನ ಪ್ರಕಾರ ಆ ಗೆಲುವಿನ ಹುರುಪು ಈ ಮುಂಭಾಗದಲ್ಲಿ ಎದ್ದು ಕಾಣುತ್ತದೆ.

ವಾಸ್ತುಶಿಲ್ಪಿ ಯಾರು? ಎಲ್ಲೋ ನೋಡಿದ ಹಾಗಿದೆ ಅನ್ನಿಸುತ್ತದೆ.

ಅನ್ನಿಸಬೇಕಾದದ್ದೇ. ವಿಕ್ತೋರ್ ಲಲೂ ಅವರ ವಿನ್ಯಾಸ. ಪ್ಯಾರಿಸ್‌ನ ಒರ್ಸೇ ಮ್ಯೂಸಿಯಂ ನೋಡಿದ್ದೀರಲ್ವಾ? ಅದು 1900ರಲ್ಲಿ ರೈಲು ನಿಲ್ದಾಣವಾಗಿ ತೆರೆದ ಕಟ್ಟಡ. ಅದನ್ನೂ ಲಲೂ ಅವರೇ ವಿನ್ಯಾಸ ಮಾಡಿದ್ದು. ತಮ್ಮ ಹುಟ್ಟೂರು ತೂರ್‌ನಲ್ಲಿ ರೈಲು ನಿಲ್ದಾಣ, ಪಾಲಿಕೆ ಭವನ, ಸೇಂಟ್ ಮಾರ್ಟಿನ್ ಬೆಸಿಲಿಕಾ ಮೂರನ್ನೂ ಕಟ್ಟಿದ್ದಾರೆ. ತೂರ್‌ನ ಪಾಲಿಕೆ ಭವನ 1904ರಲ್ಲಿ ಮುಗಿದಿತ್ತು. ರೂಬೆಯವರು ಯಾರೋ ಸ್ಥಳೀಯ ಎಂಜಿನಿಯರ್ ಸಾಕು ಅಂತ ಕೂರದೆ, ಪ್ಯಾರಿಸ್‌ನಲ್ಲಿ ಆಗ ಅತಿ ಬೇಡಿಕೆಯಲ್ಲಿದ್ದ ಕೈಯನ್ನೇ ಹಿಡಿದರು.

ಶೈಲಿ ಆ ಕಾಲದ ಪ್ಯಾರಿಸ್ ಕಲಾಶಾಲೆಯದು. ಎಡಬಲ ಸರಿಸಮ, ಸಾಲು ಕಂಬಗಳು, ತುಂಬಾ ಶಿಲ್ಪ, ಎತ್ತರದ ಚಾವಣಿ. ಕೆಂಪು ಇಟ್ಟಿಗೆಯ ಊರಿನ ನಡುವೆ ತಿಳಿಬಣ್ಣದ ಕಲ್ಲಿನ ಈ ಮುಂಭಾಗ ಕಣ್ಣಿಗೆ ಹೊಡೆಯುತ್ತದೆ. ಕೆಲವರಿಗೆ ಸ್ವಲ್ಪ ಅತಿಯಾಯಿತು ಅನ್ನಿಸಬಹುದು. ನನಗೂ ದೂರದಿಂದ ಹಾಗೇ ಅನ್ನಿಸುತ್ತದೆ. ಹತ್ತಿರ ಹೋಗಿ ಶಿಲ್ಪಗಳನ್ನು ನೋಡತೊಡಗಿದ ಮೇಲೆ ದೂರು ಮರೆತುಹೋಗುತ್ತದೆ.

ಆ ಶಿಲ್ಪಗಳಲ್ಲಿ ಏನಿದೆ?

ಕಟ್ಟಡದಲ್ಲಿ ನೋಡಲೇಬೇಕಾದದ್ದು ಇದೇ. ಸಾಮಾನ್ಯವಾಗಿ ಇಂಥ ಕಡೆ ದೇವದೇವತೆಗಳು, ಯುದ್ಧ ಗೆದ್ದ ದೊರೆಗಳು ಇರುತ್ತಾರೆ. ಇಲ್ಲಿ ಮುಂಭಾಗದ ಉಬ್ಬುಶಿಲ್ಪದ ಪಟ್ಟಿಯಲ್ಲಿ ಇರುವುದು ಬಟ್ಟೆ ತಯಾರಾಗುವ ಬಗೆ. ಹತ್ತಿ ಬಿಡಿಸುವುದು, ಕುರಿಯ ಉಣ್ಣೆ ಕತ್ತರಿಸುವುದು, ಉಣ್ಣೆ ತೊಳೆಯುವುದು, ನೂಲುವುದು, ನೇಯುವುದು, ಬಣ್ಣ ಹಾಕುವುದು. ಹೊಲದಿಂದ ಹಿಡಿದು ಅಂಗಡಿಗೆ ಹೋಗುವ ಥಾನಿನವರೆಗಿನ ಕೆಲಸ ಕಲ್ಲಿನಲ್ಲಿದೆ.

ಕೆತ್ತಿದವರು ಅಲ್ಫೋನ್ಸ್-ಅಮೆದೇ ಕೊರ್ದೋನಿಯೆ. ಲೀಲ್ ಪಕ್ಕದ ಲಾ ಮಾದ್ಲೆನ್‌ನಲ್ಲಿ ಹುಟ್ಟಿದವರು. ಲೀಲ್‌ನ ಒಪೆರಾ ಕಟ್ಟಿದ ಲೂಯಿ-ಮಾರಿ ಕೊರ್ದೋನಿಯೆ ಬೇರೆ, ಇವರು ಬೇರೆ. ಅಡ್ಡಹೆಸರು ಒಂದೇ ಆದ್ದರಿಂದ ಗೈಡ್‌ಗಳೂ ಒಮ್ಮೊಮ್ಮೆ ಎಡವುತ್ತಾರೆ.

ಒಂದು ವಿಷಯ ಗಮನಿಸಿ. ಕೆಲಸ ಇದೆ, ಕೆಲಸಗಾರರೂ ಇದ್ದಾರೆ. ಕುರೇ ಇಲ್ಲ, ಮುಷ್ಕರ ಇಲ್ಲ, ಸಂಬಳದ ಜಗಳ ಇಲ್ಲ. ದುಡಿಮೆ ಮಾಲೀಕರ ಕಣ್ಣಿಗೆ ಹೇಗೆ ಕಂಡಿತೋ ಹಾಗೆ ಬಂದಿದೆ. ಅದು ಶಿಲ್ಪಿಯ ತಪ್ಪು ಅಂತ ನಾನು ಹೇಳುವುದಿಲ್ಲ. ದುಡ್ಡು ಕೊಟ್ಟವರು ಕೇಳಿದ್ದು ಅದನ್ನೇ. ಆದರೂ ಮೇಯರ್ ಕಚೇರಿಯ ಮುಂಭಾಗದಲ್ಲಿ ಉಣ್ಣೆ ತೊಳೆಯುವವರಿಗೆ ಜಾಗ ಕೊಟ್ಟ ಊರುಗಳು ಎಷ್ಟಿವೆ ಹೇಳಿ?

ಹಾಗಾದರೆ ಕಟ್ಟಡ ಮಾಲೀಕರ ಕೈಯಲ್ಲೇ ಉಳಿಯಿತಾ?

ಇಲ್ಲ! ಉದ್ಘಾಟನೆಯಾಗಿ ಒಂದು ವರ್ಷಕ್ಕೆ, 1912ರ ಚುನಾವಣೆಯಲ್ಲಿ, ಸಮಾಜವಾದಿಗಳು ಮತ್ತೆ ಗೆದ್ದರು. ಮೊತ್ ಕಟ್ಟಿಸಿದ ಕಚೇರಿಗೆ ಜಾನ್-ಬತೀಸ್ತ್ ಲೆಬಾ ಬಂದು ಕೂತರು. ಬಣ್ಣದ ವಾಸನೆ ಹೋಗುವ ಮುಂಚೆಯೇ ಯಜಮಾನಿಕೆ ಬದಲಾಯಿತು ಅನ್ನಬಹುದು. ಅಲ್ಲಿಂದ 1983ರವರೆಗೆ, ಯುದ್ಧದ ವರ್ಷಗಳ ಏರುಪೇರು ಬಿಟ್ಟರೆ, ಪಾಲಿಕೆ ಹೆಚ್ಚುಕಡಿಮೆ ಎಡದವರ ಕೈಯಲ್ಲೇ ಇತ್ತು. ವಿಕ್ತೋರ್ ಪ್ರೊವೊ ಒಬ್ಬರೇ 1942ರಿಂದ 1977ರವರೆಗೆ ಮೇಯರ್ ಆಗಿದ್ದರು.

ಲೆಬಾ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಊರನ್ನು ಹಿಡಿದಾಗ, ಕೆಲಸಕ್ಕೆ ಎಳೆದೊಯ್ಯಲು ಊರಿನ ಯುವಕರ ಪಟ್ಟಿ ಕೊಡಿ ಅಂತ ಕೇಳಿತು. ಅವರು ಕೊಡಲಿಲ್ಲ, ಜರ್ಮನಿಯ ಸೆರೆಗೆ ಹೋದರು. 1936ರಲ್ಲಿ ಪ್ರಧಾನಿ ಲೆಯೋಂ ಬ್ಲುಮ್ ಸರ್ಕಾರದಲ್ಲಿ ಕಾರ್ಮಿಕ ಮಂತ್ರಿಯಾದರು. ಸಂಬಳ ಸಹಿತ ಎರಡು ವಾರ ರಜೆ, ವಾರಕ್ಕೆ 40 ಗಂಟೆ ಕೆಲಸ ಎಂಬ ಕಾನೂನುಗಳು ಬಂದದ್ದು ಅವರು ಆ ಖಾತೆಯಲ್ಲಿದ್ದಾಗ. ಫ್ರೆಂಚರ ಬೇಸಿಗೆ ರಜೆಯ ಬಗ್ಗೆ ನಾವೆಲ್ಲ ಹೊಟ್ಟೆಕಿಚ್ಚು ಪಡುತ್ತೇವಲ್ಲ, ಅದರ ಬೇರಿನಲ್ಲಿ ರೂಬೆಯ ಈ ಮೇಯರ್ ಇದ್ದಾರೆ. ಎರಡನೇ ಯುದ್ಧದಲ್ಲಿ ಗುಟ್ಟಾಗಿ ಪತ್ರಿಕೆ ಹೊರಡಿಸಿದರು, 1941ರಲ್ಲಿ ಬಂಧನವಾಯಿತು. 1944ರಲ್ಲಿ ಸೊನ್ನೆನ್‌ಬುರ್ಗ್ ಸೆರೆಮನೆಯಲ್ಲಿ ತೀರಿಕೊಂಡರು. ರೈಲು ನಿಲ್ದಾಣದಿಂದ ಊರಿನ ನಡುಭಾಗಕ್ಕೆ ಬರುವ ದೊಡ್ಡ ರಸ್ತೆಗೆ ಈಗ ಅವರ ಹೆಸರಿದೆ.

ಯುದ್ಧದಲ್ಲಿ ಊರಿಗೆ ಹಾನಿಯಾಯಿತಾ?

1914ರ ಅಕ್ಟೋಬರ್‌ನಿಂದ 1918ರ ಅಕ್ಟೋಬರ್‌ವರೆಗೆ ಪೂರ್ತಿ ನಾಲ್ಕು ವರ್ಷ ರೂಬೆ ಜರ್ಮನ್ ಆಳ್ವಿಕೆಯಲ್ಲಿತ್ತು. ಗಿರಣಿಗಳ ಯಂತ್ರಗಳನ್ನು ಬಿಚ್ಚಿ ಸಾಗಿಸಿದರು. 1916ರ ಈಸ್ಟರ್ ಹೊತ್ತಿಗೆ ಲೀಲ್, ರೂಬೆ, ತೂರ್ಕ್ವಾಂ ಊರುಗಳಿಂದ ಸಾವಿರಾರು ಜನರನ್ನು ಒತ್ತಾಯದಿಂದ ಹೊಲದ ಕೆಲಸಕ್ಕೆ ಕಳಿಸಿದರು. ಅವರಲ್ಲಿ ಹೆಂಗಸರು, ಹುಡುಗಿಯರು ಬಹಳ. ಯುದ್ಧ ಮುಗಿದಾಗ ಕಟ್ಟಡಗಳು ನಿಂತಿದ್ದವು, ಒಳಗಿನ ಮಗ್ಗಗಳು ಇರಲಿಲ್ಲ.

ಗಿರಣಿಗಳು ಈಗೇನಾಗಿವೆ?

1931ರಲ್ಲಿ ಸಂಬಳ ಕಡಿತದ ವಿರುದ್ಧ ಇಲ್ಲಿ ದೊಡ್ಡ ಮುಷ್ಕರ ನಡೆದಿತ್ತು. ಆಗಲೂ ಗಿರಣಿ ಇಲ್ಲದ ರೂಬೆಯನ್ನು ಯಾರೂ ಊಹಿಸಿರಲಿಕ್ಕಿಲ್ಲ. 1970ರ ದಶಕದಿಂದ ಒಂದೊಂದಾಗಿ ಬಾಗಿಲು ಹಾಕಿದವು. ಲಾ ಲೆನಿಯೇರ್ ಎಂಬ ದೈತ್ಯ ಉಣ್ಣೆ ಗಿರಣಿ 2000ರಲ್ಲಿ ಮುಚ್ಚಿತು.

ಕಟ್ಟಡಗಳನ್ನು ಮಾತ್ರ ಚೆನ್ನಾಗಿ ಬಳಸಿಕೊಂಡಿದ್ದಾರೆ. ಕೋಟೆಯ ಹಾಗೆ ಕಾಣುವ ಮೊತ್-ಬೊಸ್ಯೂ ಹತ್ತಿ ಗಿರಣಿಯಲ್ಲಿ 1993ರಿಂದ ಕಾರ್ಮಿಕ ಲೋಕದ ರಾಷ್ಟ್ರೀಯ ದಾಖಲೆಗಳ ಸಂಗ್ರಹ ಇದೆ. ಮಾಲೀಕರ ಲೆಕ್ಕದ ಪುಸ್ತಕವೂ ಸಂಘಗಳ ಕರಪತ್ರವೂ ಈಗ ಒಂದೇ ಸೂರಿನಡಿ!

1902ರ 'ಕೊಂದಿಸಿಯೊಂ ಪ್ಯೂಬ್ಲೀಕ್' ಎಂಬ ತೂಗುವ ಮನೆ ನನಗೆ ಎಲ್ಲಕ್ಕಿಂತ ಇಷ್ಟ. ಉಣ್ಣೆ, ರೇಷ್ಮೆ, ಹತ್ತಿ ಎಲ್ಲವೂ ಗಾಳಿಯ ತೇವ ಹೀರುತ್ತವೆ. ಉಣ್ಣೆಯಂತೂ ಜಾಸ್ತಿ. ಮಳೆಗಾಲದಲ್ಲಿ ತೂಗಿದರೆ ಕೊಳ್ಳುವವನು ನೀರಿಗೂ ದುಡ್ಡು ಕೊಟ್ಟ ಹಾಗೆ. ಅದಕ್ಕೇ ಮೂಟೆಯಿಂದ ಒಂದು ಹಿಡಿ ಮಾದರಿ ತೆಗೆದು ತೂಗುತ್ತಿದ್ದರು. ಬಿಸಿ ಒಲೆಯಲ್ಲಿ ಅದನ್ನು ಪೂರ್ತಿ ಒಣಗಿಸಿ ಮತ್ತೆ ತೂಗುತ್ತಿದ್ದರು. ಒಣ ತೂಕಕ್ಕೆ ವ್ಯಾಪಾರದಲ್ಲಿ ಒಪ್ಪಿಕೊಂಡ ತೇವದ ಪಾಲು ಸೇರಿಸಿದರೆ ಬಿಲ್ಲಿನ ತೂಕ. ರೇಷ್ಮೆಗೆ ಈ ಪಾಲು ನೂರಕ್ಕೆ 11, ಹತ್ತಿಗೆ 8.5. ಇಬ್ಬರೂ ನಂಬುವ ಮೂರನೆಯವರು ತೂಗಿ ಚೀಟಿ ಕೊಟ್ಟರೆ ಜಗಳ ಇಲ್ಲ. ಆ ತೂಗುವ ಮನೆ ಇದು. ಈಗ ಅಲ್ಲಿ ಕಲಾಪ್ರದರ್ಶನ, ಸಂಗೀತ ನಡೆಯುತ್ತವೆ.

ಪಾಲಿಕೆ ಭವನದೊಳಗೆ ಈಗ ಏನು ನಡೆಯುತ್ತದೆ?

ಜನನ, ಮರಣ, ಮದುವೆ ನೋಂದಣಿ, ಪಾಲಿಕೆ ಸಭೆ, ಮೇಯರ್ ಕಚೇರಿ. ಫ್ರಾನ್ಸ್‌ನಲ್ಲಿ ಜನ ನೇರವಾಗಿ ಮೇಯರ್‌ಗೆ ಓಟು ಹಾಕುವುದಿಲ್ಲ. ಪಾಲಿಕೆ ಸದಸ್ಯರನ್ನು ಆರಿಸುತ್ತಾರೆ, ಸದಸ್ಯರು ಮೇಯರ್‌ನ್ನು ಆರಿಸುತ್ತಾರೆ. ಅವಧಿ ಆರು ವರ್ಷ, ಅಧಿಕಾರ ಸಾಕಷ್ಟು.

ಮೇಯರ್‌ಗೆ ತಲೆನೋವೂ ಸಾಕಷ್ಟಿದೆ. ಊರಿನಲ್ಲಿ ಈಗ ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ ಜನ. ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ ಬಡತನ ರೇಖೆಯ ಕೆಳಗಿದ್ದಾರೆ. ಫ್ರಾನ್ಸ್‌ನ ಅತಿ ಬಡ ಊರುಗಳ ಪಟ್ಟಿಯಲ್ಲಿ ರೂಬೆ ಹೆಸರು ಯಾವಾಗಲೂ ಇರುತ್ತದೆ. ಹಾಗಂತ ಕೈಕಟ್ಟಿ ಕೂತಿಲ್ಲ. 2014ರಿಂದ ಮನೆಯ ಕಸ ಕಡಿಮೆ ಮಾಡುವ ಸವಾಲಿಗೆ ಕುಟುಂಬಗಳನ್ನು ಸೇರಿಸಿಕೊಂಡು ಹೆಸರು ಮಾಡಿತು. ಪಾಳುಬಿದ್ದ ಕೆಲವು ಮನೆಗಳನ್ನು 1 ಯುರೋಗೆ ಮಾರಿದ್ದೂ ಉಂಟು. ಆದರೆ ರಿಪೇರಿ ಮಾಡಿಸಿ ಅಲ್ಲೇ ವಾಸ ಮಾಡಬೇಕು ಎಂಬ ಷರತ್ತು ಇತ್ತು. ರಿಪೇರಿ ಖರ್ಚು ಕೇಳಿದ ಮೇಲೆ 1 ಯುರೋ ಅಷ್ಟೇನೂ ಅಗ್ಗ ಅನ್ನಿಸುವುದಿಲ್ಲ.

ಅಲ್ಲಿ ಮದುವೆ ನಡೆಯುವುದನ್ನು ನೋಡಿದೆ. ನಾವೂ ಆಗಬಹುದಾ?

ಪ್ರವಾಸಕ್ಕೆ ಬಂದು ಆಗಲು ಬರುವುದಿಲ್ಲ. ಗಂಡು, ಹೆಣ್ಣು ಅಥವಾ ಅವರಿಬ್ಬರಲ್ಲಿ ಯಾರಾದರೊಬ್ಬರ ತಂದೆತಾಯಿ ಆ ಊರಿನಲ್ಲಿ ವಾಸವಿರಬೇಕು. ಮದುವೆಗೆ ಮುಂಚೆ ಹತ್ತು ದಿನ ಪ್ರಕಟಣೆ ಅಂಟಿಸುತ್ತಾರೆ, ತಕರಾರು ಇದ್ದವರು ಹೇಳಲಿ ಅಂತ. ಸಾಕ್ಷಿಗಳು ಕಡಿಮೆ ಅಂದರೆ ಇಬ್ಬರು, ಹೆಚ್ಚೆಂದರೆ ನಾಲ್ವರು. ಮೇಯರ್ ಅಥವಾ ಉಪಮೇಯರ್ ನೀಲಿ-ಬಿಳಿ-ಕೆಂಪು ಪಟ್ಟಿ ಹಾಕಿಕೊಂಡು ಕಾನೂನಿನ ಕಲಮುಗಳನ್ನು ಓದುತ್ತಾರೆ. ಒಬ್ಬರಿಗೊಬ್ಬರು ನಿಷ್ಠೆ, ಗೌರವ, ಆಸರೆ ಕೊಡಬೇಕು, ಮಕ್ಕಳ ಜವಾಬ್ದಾರಿ ಇಬ್ಬರದೂ ಅಂತ. ಇಬ್ಬರೂ 'ಹೂಂ' ಅಂದು ಸಹಿ ಹಾಕಿದರೆ ಮುಗಿಯಿತು. ಕುಟುಂಬದ ದಾಖಲೆ ಪುಸ್ತಕ ಕೈಗೆ ಕೊಡುತ್ತಾರೆ. ಶುಲ್ಕ ಇಲ್ಲ. ಮದುವೆ ಸಾರ್ವಜನಿಕವಾಗಿಯೇ ನಡೆಯಬೇಕು, ಅದಕ್ಕೆ ಕೋಣೆಯ ಬಾಗಿಲು ತೆರೆದೇ ಇರುತ್ತದೆ.

ಚರ್ಚಿನಲ್ಲೋ ಮಸೀದಿಯಲ್ಲೋ ಆಗುವ ಮದುವೆ ಇದರ ನಂತರವೇ. ಈ ಕ್ರಮ ತಪ್ಪಿಸಿ ಮೊದಲೇ ಮಾಡಿಸುವುದನ್ನು ರೂಢಿ ಮಾಡಿಕೊಂಡ ಪಾದ್ರಿಗೆ ಶಿಕ್ಷೆ ಕೂಡ ಆಗಬಹುದು. ಶನಿವಾರ ಚೌಕದಲ್ಲಿ ಕೂತರೆ ಹಾರ್ನ್ ಹೊಡೆಯುತ್ತ ಬರುವ ಕಾರುಗಳಿಂದಲೇ ಗೊತ್ತಾಗುತ್ತದೆ, ಒಳಗೆ ಮದುವೆ ಇದೆ ಅಂತ.

ಒಳಗೆ ನೋಡಲು ಬಿಡುತ್ತಾರಾ?

ಕಚೇರಿ ಸಮಯದಲ್ಲಿ ಕೆಲಸ ಇದ್ದವರು ಹೋಗಬಹುದು. ಆದರೆ ಎಲ್ಲ ಕೋಣೆಗೂ ಪ್ರವೇಶ ಇರುವುದಿಲ್ಲ. ಇಂಥ ಕಟ್ಟಡಗಳ ಒಳಭಾಗ ನೋಡಲು ಒಳ್ಳೆಯ ಕಾಲ ಸೆಪ್ಟೆಂಬರ್‌ನ ಮೂರನೇ ವಾರಾಂತ್ಯ. ಅದು ಫ್ರಾನ್ಸ್ ಇಡೀ ಆಚರಿಸುವ ಪರಂಪರೆಯ ದಿನಗಳು. ಆ ವರ್ಷದ ಕಾರ್ಯಕ್ರಮ ನೋಡಿಕೊಂಡು ಹೊರಡಿ. ಮುಂಭಾಗ ನೋಡಲು ಯಾವ ದಿನವಾದರೂ ಸರಿ. ಶಿಲ್ಪಪಟ್ಟಿ ಮೇಲಿರುವುದರಿಂದ ಒಂದು ಸಣ್ಣ ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನಿನ ಜೂಮ್ ಸಾಕು.

ಲೀಲ್‌ನ ಹಾಗೆ ಇದೂ ಯುನೆಸ್ಕೋ ಪಟ್ಟಿಯಲ್ಲಿದೆಯಾ?

ಇಲ್ಲ. ಯುನೆಸ್ಕೋ ಪಟ್ಟಿಯಲ್ಲಿ ಇರುವುದು ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸ್‌ನ ಗಂಟೆಗೋಪುರಗಳು. 2005ರಲ್ಲಿ ಫ್ರಾನ್ಸ್‌ನ 23 ಗೋಪುರಗಳು ಸೇರಿದವು. ಲೀಲ್ ಪಾಲಿಕೆ ಭವನದ 104 ಮೀಟರ್ ಎತ್ತರದ ಕಾಂಕ್ರೀಟ್ ಗೋಪುರ ಅದರಲ್ಲಿದೆ, ಕಲೇ ಊರಿನದೂ ಇದೆ. ರೂಬೆಗೆ ಅಂಥ ಗೋಪುರವೇ ಇಲ್ಲ. ಮೇಲಿಂದ ಊರು ನೋಡಬೇಕು ಅಂದರೆ ಲೀಲ್‌ಗೆ ಹೋಗಿ.

ಪ್ಯಾರಿಸ್-ರೂಬೆ ಸೈಕಲ್ ರೇಸ್ ಇಲ್ಲೇ ಮುಗಿಯುತ್ತದೆಯಾ?

ಈ ಚೌಕದಲ್ಲಲ್ಲ, ಊರಿನ ವೆಲೋಡ್ರೋಮ್‌ನಲ್ಲಿ, ಅಂದರೆ ಸೈಕಲ್ ರೇಸಿನ ಕ್ರೀಡಾಂಗಣದಲ್ಲಿ. ಏಪ್ರಿಲ್‌ನಲ್ಲಿ ನಡೆಯುತ್ತದೆ. 1896ರಲ್ಲಿ ಇದನ್ನು ಶುರು ಮಾಡಿದ ತೆಯೊದೋರ್ ವಿಯೆನ್ ಮತ್ತು ಮೋರಿಸ್ ಪೆರೆಜ್ ಕೂಡ ಜವಳಿ ಉದ್ಯಮದವರೇ. ಹೊಸದಾಗಿ ಕಟ್ಟಿದ ವೆಲೋಡ್ರೋಮ್‌ಗೆ ಜನ ಬರಲಿ ಅಂತ ಮಾಡಿದ ಉಪಾಯ ಅದು.

ಭಾರತಕ್ಕೆ ಈ ಕಡೆ ಏನಾದರೂ ನಂಟು ಇದೆಯಾ?

ಪಾಲಿಕೆ ಭವನಕ್ಕೆ ಇಲ್ಲ. ಆದರೆ ಲೀಲ್‌ನಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ನೇವ್ ಶಪೆಲ್ ಎಂಬ ಹಳ್ಳಿ ಇದೆ. 1915ರ ಮಾರ್ಚ್‌ನಲ್ಲಿ ಅಲ್ಲಿ ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಹೋರಾಡಿದರು. 1927ರಲ್ಲಿ ತೆರೆದ ಸ್ಮಾರಕದಲ್ಲಿ, ಸಮಾಧಿ ಗೊತ್ತಿಲ್ಲದ 4,600ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಕಾರು ಇದ್ದರೆ ಅರ್ಧ ದಿನದಲ್ಲಿ ಹೋಗಿ ಬರಬಹುದು.

ಒಂದೇ ದಿನ ಇದೆ. ಯಾವ ಕ್ರಮದಲ್ಲಿ ನೋಡಲಿ?

ಬೆಳಿಗ್ಗೆ ರೂಬೆ ರೈಲು ನಿಲ್ದಾಣದಲ್ಲಿ ಇಳಿದು ಲೆಬಾ ರಸ್ತೆಯಲ್ಲಿ ನಡೆಯಿರಿ. ದಾರಿಯಲ್ಲೇ ಪಕ್ಕಕ್ಕೆ ತಿರುಗಿದರೆ 'ಲಾ ಪಿಸೀನ್' ಮ್ಯೂಸಿಯಂ. ಲೆಬಾ ಮೇಯರ್ ಆಗಿದ್ದಾಗ 1932ರಲ್ಲಿ ತೆರೆದ ಈಜುಕೊಳ ಇದು. ಮನೆಯಲ್ಲಿ ಬಚ್ಚಲು ಇಲ್ಲದ ಕಾರ್ಮಿಕರಿಗೆ ಸ್ನಾನದ ಕೋಣೆಗಳೂ ಇಲ್ಲಿದ್ದವು. ವಿನ್ಯಾಸ ಆಲ್ಬೆರ್ ಬೇರ್ ಅವರದು. 1985ರಲ್ಲಿ ಮುಚ್ಚಿತು, 2001ರಲ್ಲಿ ಮ್ಯೂಸಿಯಂ ಆಯಿತು. ನಡುವೆ ನೀರು ಈಗಲೂ ಇದೆ, ಎರಡು ಬದಿಗೆ ಶಿಲ್ಪಗಳು, ಎರಡು ತುದಿಗೂ ಸೂರ್ಯನ ಚಿತ್ರದ ಬಣ್ಣದ ಗಾಜು. ಅಲ್ಲಿಗೆ ಎರಡು ಗಂಟೆ ಬೇಕು.

ಆಮೇಲೆ ಚೌಕಕ್ಕೆ ಬನ್ನಿ, ಪಾಲಿಕೆ ಭವನ ನೋಡಿ, ಅಲ್ಲೇ ಊಟ ಮಾಡಿ. ಮಧ್ಯಾಹ್ನ ಹತ್ತಿರದ ಮೊತ್-ಬೊಸ್ಯೂ ಗಿರಣಿ. ಸಮಯ ಉಳಿದರೆ ಪಕ್ಕದ ಕ್ರುವಾ ಊರಿನಲ್ಲಿ ವಿಲ್ಲಾ ಕಾವ್ರುವಾ ಇದೆ. ಜವಳಿ ಉದ್ಯಮಿ ಪೋಲ್ ಕಾವ್ರುವಾಗೆ ರೋಬೆರ್ ಮಾಲೆ-ಸ್ತೆವೆನ್ಸ್ ಕಟ್ಟಿಕೊಟ್ಟ ಬಂಗಲೆ. ಅದೂ 1932ರದೇ. ಬೆಳಿಗ್ಗೆ ಕಾರ್ಮಿಕರ ಸ್ನಾನದ ಮನೆ ನೋಡಿ ಸಂಜೆ ಅದೇ ವರ್ಷದ ಮಾಲೀಕನ ಸ್ನಾನದ ಮನೆ ನೋಡಿದರೆ ಆ ಊರಿನ ಲೆಕ್ಕಾಚಾರ ಬೇರೆ ಯಾರೂ ವಿವರಿಸಬೇಕಿಲ್ಲ. ಸೋಮವಾರ ಮಾತ್ರ ಹೋಗಬೇಡಿ, ಮ್ಯೂಸಿಯಂ ರಜೆ.